ಟ್ಯಾಲಿ ಆಗದ ಮೂರು ಫೈಲುಗಳು

ಬಿ.ಕಾಂ. ಓದಿ ಮೂವತ್ತು ವರ್ಷ ಬ್ಯಾಂಕಿನಲ್ಲಿ ಡೆಬಿಟ್ಟು ಕ್ರೆಡಿಟ್ಟು ಬರೆದವನು ಭೌತವಿಜ್ಞಾನದ ಬಗ್ಗೆ ಬರೆಯಲು ಹೊರಟರೆ ನಿಮಗೆ ನಗು ಬರುವುದು ಸಹಜ. ನಗಿ, ಅಡ್ಡಿಯಿಲ್ಲ. ಆದರೆ ನಾನು ಬರೆಯಹೊರಟಿದ್ದು ಪ್ರೋಟಾನು, ಕ್ವಾರ್ಕುಗಳ ಬಗ್ಗೆ ಅಲ್ಲ. ಅವುಗಳ ಲೆಕ್ಕ ಹಾಕುವ ಸಾಫ್ಟ್‌ವೇರನ್ನು ಸಾವಿರಾರು ಜನ ಹಂಚಿಕೊಳ್ಳುವ ಒಂದು ಕಂಪ್ಯೂಟರ್ ವ್ಯವಸ್ಥೆಯ ಮೇಲೆ ಕೂರಿಸುವುದು ಎಂಥ ತಾಪತ್ರಯದ ಕೆಲಸ ಅನ್ನುವುದರ ಬಗ್ಗೆ. ಎರಡು ತಿಂಗಳು ಅದು ನಮ್ಮ ಡೊಂಬಿವಲಿಯ ಮನೆಯ ಊಟದ ಟೇಬಲ್ಲಿನ ಮೇಲೆಯೇ ನಡೆಯಿತು. ಹಾಗಾಗಿ ಬರೆಯುವ ಹಕ್ಕು ನನಗೂ ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ನಮ್ಮ ಮಗಳು ಪಿಎಚ್.ಡಿ. ಮಾಡುತ್ತಿದ್ದಾಳೆ. ಸಂಸ್ಥೆಯ ಹೆಸರು ಬೇಡ ಬಿಡಿ. ವಿಷಯ ಮಾತ್ರ ಹೇಳಿಬಿಡುತ್ತೇನೆ. ಜಿನೀವಾ ಹತ್ತಿರ, ಫ್ರಾನ್ಸ್-ಸ್ವಿಟ್ಜರ್ಲೆಂಡ್ ಗಡಿಯ ಕೆಳಗೆ, ಸುಮಾರು ನೂರು ಮೀಟರ್ ಆಳದಲ್ಲಿ ೨೭ ಕಿಲೋಮೀಟರ್ ಸುತ್ತಳತೆಯ ಒಂದು ಉಂಗುರ ಇದೆಯಲ್ಲ, ಸರ್ನ್‌ನವರ ಲಾರ್ಜ್ ಹೇಡ್ರಾನ್ ಕೊಲೈಡರ್... ಅದರ ಮೇಲೆ ಕೂತಿರುವ ಸಿಎಂಎಸ್ ಎಂಬ ಪ್ರಯೋಗದಲ್ಲಿ ಇವಳದ್ದೊಂದು ಸಣ್ಣ ಪಾಲು. ೨೦೧೨ರ ಜುಲೈ ೪ರಂದು ಹಿಗ್ಸ್ ಬೋಸಾನ್ ಸಿಕ್ಕಿತು ಅಂತ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂದದ್ದು ನೆನಪಿರಬಹುದು. ಅದನ್ನು ಹುಡುಕಿದ ಎರಡು ಪ್ರಯೋಗಗಳಲ್ಲಿ ಇದೊಂದು. ಹೆಸರಿನಲ್ಲಿ 'ಕಾಂಪ್ಯಾಕ್ಟ್' ಅಂತ ಇದೆ. ತೂಕ ಮಾತ್ರ ಸುಮಾರು ಹದಿನಾಲ್ಕು ಸಾವಿರ ಟನ್ನು!

ಒಳಗೆ ಪ್ರೋಟಾನ್ ಗುಂಪುಗಳು ಸೆಕೆಂಡಿಗೆ ಸುಮಾರು ನಾಲ್ಕು ಕೋಟಿ ಸಲ ಎದುರುಬದುರಾಗುತ್ತವೆ. ಅಷ್ಟನ್ನೂ ಬರೆದಿಡಲು ಯಾವ ಗೋದಾಮೂ ಸಾಲದು. ಆದ್ದರಿಂದ ಅಲ್ಲಿಯ ಯಂತ್ರಗಳು ಆಗಿಂದಾಗ್ಗೆ ಸೋಸಿ, ಸಾವಿರದ ಲೆಕ್ಕದಲ್ಲಿ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎಸೆದುಬಿಡುತ್ತವೆ. ಹಾಗೆ ಉಳಿದದ್ದೂ ಒಂದು ಊರಲ್ಲಿ ಇಡುವಷ್ಟು ಚಿಕ್ಕದಲ್ಲ. ನಲವತ್ತಕ್ಕೂ ಹೆಚ್ಚು ದೇಶಗಳ ಸುಮಾರು ೧೭೦ ಕಂಪ್ಯೂಟರ್ ಕೇಂದ್ರಗಳು ಸೇರಿ ಈ ಕೆಲಸ ಹಂಚಿಕೊಂಡಿವೆ. ನಮ್ಮ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಅದರಲ್ಲಿ ಒಂದು. ಕೋಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರ ಇನ್ನೊಂದು. ನೌಕಾನಗರದ ಕಡೆ ಹೋಗುವ ಬಸ್ಸನ್ನು ಎಷ್ಟು ಸಲ ಹತ್ತಿದ್ದೇನೋ, ಅಲ್ಲಿ ಇಂಥದ್ದೊಂದು ಇದೆ ಅಂತ ಮಗಳು ಹೇಳುವ ತನಕ ನನಗೆ ಗೊತ್ತೇ ಇರಲಿಲ್ಲ.

ಇರಲಿ, ವಿಷಯಕ್ಕೆ ಬರೋಣ.

೨೦೨೪ರ ಜುಲೈ. ಹೊರಗೆ ಮುಂಬಯಿ ಮಳೆ. ಮಗಳು ಎರಡು ಚೀಲ, ಒಂದು ಲ್ಯಾಪ್‌ಟಾಪು ಹಿಡಿದು ಮನೆಗೆ ಬಂದಳು. ಮುಖ ನೋಡಿದರೆ ರಜೆಗೆ ಬಂದವಳ ಹಾಗೆ ಕಾಣಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವರಮ್ಮ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರೂ ಅರ್ಧ ರೊಟ್ಟಿಗೆ ಕೈ ತೊಳೆದಳು.

"ಯಾಕವ್ವಾ, ಮೈಯಾಗ ಹುಷಾರಿಲ್ಲೇನು?" ಅಂದೆ.

"ಹುಷಾರದೀನಿ ಅಪ್ಪಾ. ಆದ್ರ ಪಿಎಚ್.ಡಿ. ಬಿಟ್ಟುಬಿಡೂಣು ಅಂತ ಮಾಡೀನಿ."

ಅವರಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಾಲ್ಕು ವರ್ಷ ಮುಗಿದಿತ್ತು. ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲುತ್ತದೆ. ಬಿಡುವುದಾದರೆ ಬಿಡು ಅನ್ನುವುದು ಸುಲಭ, ಆದರೆ ಯಾಕೆ ಅಂತ ಕೇಳಬೇಕಲ್ಲ? ಕೇಳಿದೆ. "ನಿಮಗ ಹೇಳಿದ್ರ ತಿಳಿಯಂಗಿಲ್ಲ ಅಪ್ಪಾ" ಅಂದಳು. "ತಿಳಿಯೂ ಹಂಗ ಹೇಳು, ನಾ ದಿನಾ ಮುದುಕರಿಗೆ ನೆಟ್ ಬ್ಯಾಂಕಿಂಗ್ ತಿಳಿಸ್ತೀನಿ" ಅಂದೆ. ಮೊದಲ ಸಲ ಸ್ವಲ್ಪ ನಕ್ಕಳು.

ಅವಳು ಹೇಳಿದ್ದರ ಸಾರಾಂಶ ಇಷ್ಟು. ಅವಳ ಮೊದಲು ಒಬ್ಬ ಹುಡುಗ ಇದೇ ಅಧ್ಯಯನ ಶುರು ಮಾಡಿದ್ದ. ಜಾಣ. ೨೦೧೬ರಿಂದ ೨೦೧೮ರವರೆಗಿನ ಘರ್ಷಣೆಗಳ ಮಾಹಿತಿ ಇಟ್ಟುಕೊಂಡು ಒಂದು ಹಂತದವರೆಗೆ ಲೆಕ್ಕ ಮಾಡಿದ, ಡಿಗ್ರಿ ಪಡೆದ, ಬೇರೆ ದೇಶಕ್ಕೆ ಹೋದ. ಇವಳು ಮುಂದುವರಿಸಬೇಕು. ಮುಂದುವರಿಸುವ ಮೊದಲು ಅವನ ಉತ್ತರವೇ ತನಗೂ ಬರುತ್ತದೆ ಅಂತ ತೋರಿಸಬೇಕು. ನಮ್ಮ ಭಾಷೆಯಲ್ಲಿ ಓಪನಿಂಗ್ ಬ್ಯಾಲೆನ್ಸ್! ಹಿಂದಿನ ವರ್ಷದ ಕ್ಲೋಸಿಂಗ್ ಹೊಂದದೆ ಹೊಸ ಪುಸ್ತಕ ತೆರೆಯುವುದು ಹೇಗೆ?

ಅದೇ ಆಗುತ್ತಿರಲಿಲ್ಲ. ಕಾರಣ ಒಂದಲ್ಲ, ಗಂಟಿನ ಮೇಲೆ ಗಂಟು.

ಮೊದಲನೆಯ ಗಂಟು ಯಂತ್ರಗಳದ್ದು. ಸರ್ನ್‌ನಲ್ಲಿ ಎಲ್‌ಎಕ್ಸ್‌ಪ್ಲಸ್ ಅಂತ ಒಂದು ಸಾರ್ವಜನಿಕ ವ್ಯವಸ್ಥೆ ಇದೆ. ಜಗತ್ತಿನ ಯಾವ ಮೂಲೆಯಿಂದಲಾದರೂ, ಡೊಂಬಿವಲಿಯಿಂದ ಕೂಡ, ಪಾಸ್‌ವರ್ಡು ಕೊಟ್ಟು ಒಳಗೆ ಹೋಗಬಹುದು. ಆ ಹುಡುಗನ ಕಾಲದಲ್ಲಿ ಅದರ ಮೇಲಿದ್ದದ್ದು ಸೆಂಟ್‌ಓಎಸ್ ೭ ಎಂಬ ಲಿನಕ್ಸ್. ಅದಕ್ಕೆ ೨೦೨೪ರ ಜೂನ್ ೩೦ರಂದು ಆಯುಷ್ಯ ಮುಗಿಯಿತು. ಹೊಸ ಯಂತ್ರಗಳೆಲ್ಲ ಆಲ್ಮಾ ಲಿನಕ್ಸ್ ೯ರ ಪೀಳಿಗೆಯವು. ಹಳೆಯದಕ್ಕೆ ಅಂತ ಬರೆದ ಕೋಡು ಹೊಸದರ ಮೇಲೆ ಏಳುವುದಿಲ್ಲ. ನಮ್ಮ ಬ್ಯಾಂಕಿನಲ್ಲಿ ಲೆಡ್ಜರು ಹೋಗಿ ಕಂಪ್ಯೂಟರು ಬಂದದ್ದನ್ನೂ, ಶಾಖೆಯ ಕಂಪ್ಯೂಟರು ಹೋಗಿ ಕೋರ್ ಬ್ಯಾಂಕಿಂಗ್ ಬಂದದ್ದನ್ನೂ ಕಂಡವನು ನಾನು. ಬದಲಾವಣೆಯ ಮಾರನೇ ದಿನ ಕೌಂಟರಿನಲ್ಲಿ ಕೂತವನ ಪಾಡು ಏನು ಅಂತ ಯಾರೂ ನನಗೆ ಹೇಳಬೇಕಾಗಿಲ್ಲ.

ಎರಡನೆಯ ಗಂಟು ಸಾಫ್ಟ್‌ವೇರಿನದು. ಸಿಎಂಎಸ್‌ನವರ ಸಾಫ್ಟ್‌ವೇರು ಹತ್ತಾರು ಲಕ್ಷ ಸಾಲುಗಳದ್ದು. ಅದನ್ನು ಪ್ರತಿಯೊಬ್ಬರೂ ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳುತ್ತ ಕೂತರೆ ಯಾರ ಪಿಎಚ್.ಡಿ.ಯೂ ಮುಗಿಯುವುದಿಲ್ಲ. ಅದಕ್ಕೇ ಅವರು ಒಂದು ಚೆಂದದ ಉಪಾಯ ಮಾಡಿದ್ದಾರೆ. ಸಿವಿಎಂ-ಎಫ್ಎಸ್ ಅಂತ ಹೆಸರು. ನಿಮ್ಮ ಯಂತ್ರದಲ್ಲಿ ಇಡೀ ಸಾಫ್ಟ್‌ವೇರು, ಅದರ ಎಲ್ಲ ಹಳೆಯ ಆವೃತ್ತಿಗಳೂ ಇದ್ದ ಹಾಗೆ ಕಾಣುತ್ತದೆ. ಇರುವುದಿಲ್ಲ! ನೀವು ಯಾವ ಫೈಲನ್ನು ತೆರೆಯುತ್ತೀರೋ ಅದಷ್ಟೇ ಆ ಕ್ಷಣದಲ್ಲಿ ಬಂದು ಕೂರುತ್ತದೆ, ಮುಂದಿನ ಸಲಕ್ಕೆ ಹತ್ತಿರವೇ ಉಳಿಯುತ್ತದೆ. ಓದಬಹುದು, ತಿದ್ದುವ ಹಾಗಿಲ್ಲ. ನಮ್ಮ ಶಾಖೆಯ ಪರದೆಯ ಮೇಲೆ ದೇಶದ ಯಾವ ಗ್ರಾಹಕನ ಖಾತೆಯನ್ನಾದರೂ ಕಾಣಬಹುದು, ಆದರೆ ಒಂದು ಖಾತೆಯೂ ನಮ್ಮ ಕಪಾಟಿನಲ್ಲಿ ಇಲ್ಲ, ಹಾಗೆ.

ನಿಮಗೆ ಬೇಕಾದ ಆವೃತ್ತಿಯನ್ನು ಹೆಸರಿಸಿ 'ಸಿಎಂಎಸ್-ರೆಲ್' ಅಂತ ಆಜ್ಞೆ ಕೊಟ್ಟರೆ ನಿಮ್ಮದೇ ಒಂದು ಕೆಲಸದ ಕೋಣೆ ಸಿದ್ಧವಾಗುತ್ತದೆ. ಅದರೊಳಗೆ ನಿಂತು 'ಸಿಎಂಎಸ್-ಎನ್ವ್' ಅಂದರೆ ಸುತ್ತಲಿನ ಎಲ್ಲ ವಿಳಾಸಗಳೂ ಆ ಆವೃತ್ತಿಗೆ ತಿರುಗುತ್ತವೆ. ಆಮೇಲೆ 'ಸ್ಕ್ರಾಮ್' ಅನ್ನುವ ಸಾಧನದಿಂದ ನಿಮ್ಮ ಸ್ವಂತ ಕೋಡನ್ನು ಕಟ್ಟಿಕೊಳ್ಳಬೇಕು. ಮೂರೇ ಮೆಟ್ಟಿಲು. ಆದರೆ ಮೊದಲ ಮೆಟ್ಟಿಲಲ್ಲೇ 'ಈ ಆವೃತ್ತಿ ಈ ಯಂತ್ರಕ್ಕಲ್ಲ' ಅನ್ನುವ ಅರ್ಥದ ಸಂದೇಶ ಬರುತ್ತಿತ್ತು.

ಇದಕ್ಕೆ ಮದ್ದು ಮಗಳೇ ಹುಡುಕಿದಳು. ಹಳೆಯ ಲಿನಕ್ಸನ್ನೇ ಒಂದು ಡಬ್ಬಿಯಲ್ಲಿ ಹಾಕಿ ಹೊಸ ಯಂತ್ರದೊಳಗೆ ಇಟ್ಟಿರುತ್ತಾರಂತೆ, ಕಂಟೇನರ್ ಅಂತ. 'ಸಿಎಂಎಸ್ಎಸ್‌ಡಬ್ಲ್ಯೂ-ಇಎಲ್೭' ಅಂತ ಟೈಪ್ ಮಾಡಿದರೆ ಸಾಕು, ಆ ಡಬ್ಬಿಯೊಳಗೆ ಹೋಗಿ ನಿಲ್ಲುತ್ತೀರಿ. ಒಳಗೆ ಎಲ್ಲವೂ ಹಳೆಯ ಕಾಲ. ಅಲ್ಲಿ ಕೋಡು ಎದ್ದು ಕೂತಿತು. ಆ ರಾತ್ರಿ ಅವರಮ್ಮ ಮಿರ್ಚಿ ಭಜಿ ಕರಿದಳು.

ಭಜಿ ಖುಷಿ ಎರಡು ದಿನವೂ ಉಳಿಯಲಿಲ್ಲ. ಮೂರನೆಯ ಗಂಟು ಬಂತು. ಕೋಡು ಓಡುತ್ತ ಓಡುತ್ತ ಒಂದು ತಿದ್ದುಪಡಿ ಫೈಲನ್ನು ಹುಡುಕಿಕೊಂಡು ಆ ಹಳೆಯ ಹುಡುಗನ ಡೈರೆಕ್ಟರಿಗೆ ಹೋಗುತ್ತಿತ್ತು. ಅವನು ತನ್ನ ಡೈರೆಕ್ಟರಿಯ ವಿಳಾಸವನ್ನು ಕೋಡಿನೊಳಗೇ ಬರೆದುಬಿಟ್ಟಿದ್ದ. ಅವನು ಇದ್ದಷ್ಟು ದಿನ ಎಲ್ಲ ಸರಿ. ಅವನು ಪ್ರಯೋಗ ಬಿಟ್ಟ ಮೇಲೆ ನಿಯಮದ ಪ್ರಕಾರ ಖಾತೆ ಮುಚ್ಚಿತು, ಬಾಗಿಲಿಗೆ ಬೀಗ ಬಿತ್ತು. 'ಪರ್ಮಿಷನ್ ಡಿನೈಡ್' ಅನ್ನುವ ಎರಡು ಪದ ನಾನು ಅಷ್ಟು ಸಲ ಬೇರೆಲ್ಲೂ ನೋಡಿಲ್ಲ. ಅವನ ತಪ್ಪು ಅಂತ ನಾನು ಹೇಳುವುದಿಲ್ಲ. ಹೋಗುವಾಗ ಒಂದು ಚಾರ್ಜ್ ಪಟ್ಟಿ ಬರೆದುಕೊಡು ಅಂತ ಅವನನ್ನು ಯಾರೂ ಕೇಳಿರಲಿಲ್ಲ. ಬ್ಯಾಂಕಿನಲ್ಲಿ ವರ್ಗ ಆದರೆ ಬೀಗದ ಕೈ, ಸ್ಟಾಂಪು, ಬಾಕಿ ಕಾಗದ ಎಲ್ಲ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕದೆ ರಿಲೀವ್ ಮಾಡುವುದಿಲ್ಲ. ಜ್ಞಾನ ಜಾಸ್ತಿ ಇರುವ ಕಡೆ ಈ ಪದ್ಧತಿ ಕಮ್ಮಿ ಅಂತ ಕಾಣುತ್ತದೆ.

ಅಂದಹಾಗೆ ಆ ಡೈರೆಕ್ಟರಿ ಇದ್ದದ್ದು ಎಎಫ್ಎಸ್ ಎಂಬ ವ್ಯವಸ್ಥೆಯಲ್ಲಿ. ಅದರ ಮೊದಲ ಅಕ್ಷರ ಆಂಡ್ರ್ಯೂ ಎಂಬ ಹೆಸರಿನದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ೧೯೮೦ರ ದಶಕದಲ್ಲಿ ಹುಟ್ಟಿದ್ದರಿಂದ ಆಂಡ್ರ್ಯೂ ಕಾರ್ನೆಗಿ, ಆಂಡ್ರ್ಯೂ ಮೆಲನ್ ಇಬ್ಬರ ನೆನಪಿಗೂ ಆ ಹೆಸರು. ಮೆಲನ್ ಬ್ಯಾಂಕರ್! ಇದನ್ನು ಓದಿದ ದಿನ ನಾನು ಮಗಳಿಗೆ "ನೋಡವ್ವಾ, ನಮ್ಮವರು ಅಲ್ಲೂ ಅದಾರ" ಅಂದೆ.

ಹುಡುಗನಿಗೆ ಮಗಳು ಮೇಲ್ ಬರೆದಳು. ಒಂಬತ್ತು ದಿನ ಉತ್ತರ ಇಲ್ಲ. ಆ ಒಂಬತ್ತು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ನೌಕರಿ ಜಾಹೀರಾತು ನೋಡುತ್ತ ಕೂತಿದ್ದಳು. ಹತ್ತನೆಯ ದಿನ ಉತ್ತರ ಬಂತು. ಪಾಪ, ಒಳ್ಳೆಯ ಹುಡುಗ. ಅವನಿಗೆ ಮಗು ಹುಟ್ಟಿತ್ತಂತೆ. ಆ ಫೈಲಿನ ಪ್ರತಿ ಗುಂಪಿನ ಹಂಚಿಕೆಯ ಕೋಡ್ ಭಂಡಾರದಲ್ಲಿ ಇಂಥ ಮೂಲೆಯಲ್ಲಿದೆ ಅಂತ ದಾರಿ ತೋರಿಸಿದ, ಕ್ಷಮೆಯನ್ನೂ ಕೇಳಿದ. ಮಗಳು ಅದನ್ನು ತಂದು ತನ್ನ ಕೋಡಿನ ಜೊತೆಗೇ ಇಟ್ಟು, ಒಬ್ಬರ ಹೆಸರಿನ ವಿಳಾಸ ಎಲ್ಲೆಲ್ಲಿ ಇತ್ತೋ ಅದನ್ನೆಲ್ಲ ತೆಗೆದಳು.

ಇನ್ನು ಓಡಿಸುವುದು. ಇಷ್ಟು ದೊಡ್ಡ ಲೆಕ್ಕವನ್ನು ಲಾಗಿನ್ ಆದ ಯಂತ್ರದ ಮೇಲೇ ಓಡಿಸುವಂತಿಲ್ಲ, ಅದು ಎಲ್ಲರ ಪಡಸಾಲೆ. ಕೆಲಸವನ್ನು ಸಣ್ಣ ಸಣ್ಣ ಜಾಬ್‌ಗಳಾಗಿ ಹರಿದು ಎಚ್‌ಟಿಕಾಂಡರ್ ಎಂಬ ಮುಕದ್ದಮನ ಕೈಗೆ ಕೊಡಬೇಕು. ಅವನು ಖಾಲಿ ಇದ್ದ ಯಂತ್ರಕ್ಕೆ ಹಂಚುತ್ತಾನೆ. ಇತ್ತೀಚೆಗೆ ಜಾಸ್ತಿ ಬಳಸಿದವರು ಹಿಂದೆ, ಕಮ್ಮಿ ಬಳಸಿದವರು ಮುಂದೆ. ವಶೀಲಿ ನಡೆಯುವುದಿಲ್ಲ. ಜಾಬ್ ಎಷ್ಟು ಹೊತ್ತು ಓಡುತ್ತದೆ ಅಂತ ಮೊದಲೇ ಹೇಳಬೇಕು, ಅದಕ್ಕೆ ಅವರು ಇಟ್ಟ ಹೆಸರುಗಳು ಕೇಳಿ: ಇಪ್ಪತ್ತು ನಿಮಿಷದ್ದು 'ಎಸ್ಪ್ರೆಸ್ಸೊ', ಎರಡು ಗಂಟೆಯದು 'ಲಾಂಗ್ ಲಂಚ್', ಎಂಟು ಗಂಟೆಯದು 'ವರ್ಕ್ ಡೇ', ಮೂರು ದಿನದ್ದು 'ಟೆಸ್ಟ್ ಮ್ಯಾಚ್'! ಟೆಸ್ಟ್ ಮ್ಯಾಚು ಐದು ದಿನದ್ದಲ್ಲವೇ ಅಂತ ನಾನು ತಕರಾರು ತೆಗೆದೆ. "ಈಗ ಮೂರ ದಿನದಾಗ ಮುಗೀತಾವಲ್ಲ ಅಪ್ಪಾ" ಅಂದಳು. ಉತ್ತರ ಹೊಳೆಯಲಿಲ್ಲ.

ದೂರದ ಕೇಂದ್ರಗಳಲ್ಲಿರುವ ಮಾಹಿತಿಯನ್ನು ಓದಲು ಇನ್ನೊಂದು ಪಾಸು ಬೇಕು. ವರ್ಷಾವಧಿಯ ಒಂದು ಸರ್ಟಿಫಿಕೇಟು ಇರುತ್ತದೆ. ಅದನ್ನು ತೋರಿಸಿ ಹನ್ನೆರಡು ಗಂಟೆಯ ಒಂದು ತಾತ್ಕಾಲಿಕ ಚೀಟಿ ಪಡೆಯಬೇಕು. ಕೇಳಿಕೊಂಡರೆ ಎಂಟು ದಿನದ್ದೂ ಸಿಗುತ್ತದೆ. ಕೇಳದಿದ್ದರೆ ಜಾಬು ಸರದಿಯಲ್ಲಿ ಕಾಯುವಾಗಲೇ ಚೀಟಿ ಸತ್ತು, ಬೆಳಿಗ್ಗೆ ನೋಡಿದರೆ ಎಲ್ಲ ಕೆಂಪು. ಮಂತ್ಲಿ ಪಾಸು ಮುಗಿದದ್ದು ಗೊತ್ತಿಲ್ಲದೆ ಲೋಕಲ್ ಹತ್ತಿದ ಹಾಗೆ.

ಹೀಗೆ ಎಲ್ಲ ದಾಟಿ, ೩೮೦ ಜಾಬು ಕಳಿಸಿದಳು. ಎಲ್ಲವೂ ಯಶಸ್ವಿ ಅಂತ ವರದಿ ಬಂತು. ಕೂಡಿಸಿ ನೋಡಿದರೆ ಹುಡುಗನ ಲೆಕ್ಕಕ್ಕಿಂತ ಘಟನೆಗಳು ಕಮ್ಮಿ. ಬಹಳ ಅಲ್ಲ, ನೂರಕ್ಕೆ ಒಂದಕ್ಕಿಂತ ಕಮ್ಮಿ.

ಅವಳ ಗುಂಪಿನ ಹಿರಿಯರೊಬ್ಬರು ಒಂದು ಪರ್ಸೆಂಟಿನ ಒಳಗಿದೆ, ಮುಂದೆ ಹೋಗು ಅಂದರಂತೆ. ಮಗಳಿಗೂ ಸಾಕಾಗಿತ್ತು. ಹೋಗಿಬಿಡೋಣ ಅಂದಳು. ನಾನು ಸುಮ್ಮನೆ ಒಂದು ಪ್ರಶ್ನೆ ಕೇಳಿದೆ. "ಅದ ಮಾಹಿತಿ, ಅದ ಕೋಡು, ಅದ ಯಂತ್ರದ ಡಬ್ಬಿ ಅಂದ ಮ್ಯಾಲ ಫರಕು ಯಾಕ ಬರಬೇಕು?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬರಬಾರದು" ಅಂದಳು.

ಬ್ಯಾಂಕಿನಲ್ಲಿ ಸೇರಿದ ಹೊಸದರಲ್ಲಿ, ಹತ್ತು ಪೈಸೆ ಹೊಂದದೆ ಇಡೀ ಶಾಖೆ ರಾತ್ರಿ ಹತ್ತರವರೆಗೆ ಕೂತದ್ದುಂಟು. ಹತ್ತು ಪೈಸೆ ನಾನೇ ಕಿಸೆಯಿಂದ ಹಾಕುತ್ತೇನೆ ಅಂದರೆ ಮ್ಯಾನೇಜರು ಬಿಡುತ್ತಿರಲಿಲ್ಲ. ಹತ್ತು ಪೈಸೆಯ ಫರಕಿನ ಹಿಂದೆ ಹತ್ತು ಸಾವಿರ ಹೆಚ್ಚು, ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ರೂಪಾಯಿ ತೊಂಬತ್ತು ಪೈಸೆ ಕಮ್ಮಿ ಅಡಗಿರಬಹುದು ಅನ್ನುವುದು ಅವರ ಪಾಠ. ಫರಕು ಒಂಬತ್ತರಿಂದ ಭಾಗ ಹೋದರೆ ಅಂಕಿ ಅದಲುಬದಲಾಗಿದೆಯೇ ನೋಡು, ಎರಡರಿಂದ ಹೋದರೆ ಅದರ ಅರ್ಧದಷ್ಟು ಮೊತ್ತ ತಪ್ಪು ಬದಿಗೆ ಬಿದ್ದಿದೆಯೇ ನೋಡು. ಇವು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ಮೂರನೆಯದು ಬರುತ್ತದೆ: ಒಟ್ಟು ಮೊತ್ತ ನೋಡಬೇಡ, ಕೌಂಟರ್ ಪ್ರಕಾರ ನೋಡು.

"ಫರಕು ಎಲ್ಲಾ ಫೈಲಿನ್ಯಾಗ ಇಷ್ಟಿಷ್ಟು ಹಂಚಿ ಬಂದೈತೇನು, ಇಲ್ಲಾ ಒಂದೆರಡರಾಗ ಗಂಟು ಬಿದ್ದೈತೇನು?" ಅಂತ ಕೇಳಿದೆ. ಎಲ್ಲದರಲ್ಲೂ ಹಂಚಿದ್ದರೆ ಅದು ಭೌತವಿಜ್ಞಾನದ ಮಾತು, ನನಗೆ ಸಂಬಂಧವಿಲ್ಲ. ಒಂದೆರಡರಲ್ಲಿ ಇದ್ದರೆ ಅದು ಗುಮಾಸ್ತಿಕೆಯ ಮಾತು.

ಪ್ರಯೋಗದವರ ಕೇಂದ್ರ ಪಟ್ಟಿಯಲ್ಲಿ ಪ್ರತಿ ಫೈಲಿನಲ್ಲಿ ಎಷ್ಟು ಘಟನೆ ಇದೆ ಅಂತ ಬರೆದಿರುತ್ತದೆ. ಕ್ಲಿಯರಿಂಗ್ ಹೌಸಿನ ಸ್ಟೇಟ್‌ಮೆಂಟ್ ಇದ್ದ ಹಾಗೆ. ಪ್ರತಿ ಜಾಬು ಎಷ್ಟು ಓದಿತು, ಎಷ್ಟು ಬರೆಯಿತು ಅಂತ ಒಂದು ಕಡೆ, ಪಟ್ಟಿ ಇನ್ನೊಂದು ಕಡೆ ಇಟ್ಟು ಒಂದು ಪುಟ್ಟ ಪ್ರೋಗ್ರಾಂ ಬರೆದಳು. ರಾತ್ರಿ ಹನ್ನೊಂದು. ಜಿನೀವಾದಲ್ಲಿ ಸಂಜೆ ಏಳೂವರೆ. ೩೭೭ ಸಾಲುಗಳು ಸರಿಯಾಗಿ ಹೊಂದಿದವು. ಮೂರು ಸಾಲುಗಳಲ್ಲಿ ಬರೆದದ್ದು ಸೊನ್ನೆ!

ಆದದ್ದಿಷ್ಟು. ಹಳೆಯ ಸ್ಕ್ರಿಪ್ಟು ಫಲಿತಾಂಶವನ್ನು ತಂದು ಸುರಿಯುತ್ತಿದ್ದದ್ದು ಮನೆ ಡೈರೆಕ್ಟರಿಗೆ. ಅಲ್ಲಿ ಪ್ರತಿಯೊಬ್ಬರಿಗೂ ಕೆಲವೇ ಗಿಗಾಬೈಟುಗಳ ಕೋಟಾ. ಕೊನೆಗೆ ಬಂದ ಮೂರು ಜಾಬುಗಳಿಗೆ ಜಾಗ ಸಿಗಲಿಲ್ಲ. ಹಾಗಾದರೆ 'ಯಶಸ್ವಿ' ಅಂತ ಹೇಗೆ ಬಂತು? ಸ್ಕ್ರಿಪ್ಟು ಯಶಸ್ವಿಯೋ ಅಲ್ಲವೋ ಅನ್ನುವುದನ್ನು ಅದರ ಕೊನೆಯ ಆಜ್ಞೆ ಹೇಳುತ್ತದೆ. ಇದರ ಕೊನೆಯ ಆಜ್ಞೆ ಪರದೆಯ ಮೇಲೆ 'ಮುಗಿಯಿತು' ಅಂತ ಬರೆಯುವುದು. ಅದು ಯಾವಾಗಲೂ ಯಶಸ್ವಿಯೇ! ಒಳಗೆ ನಕಲು ಸೋತರೂ ಹೊರಗೆ ಡಂಗುರ. ಇಂಥ ವರದಿಗಳನ್ನು ನಾನು ಮೂವತ್ತು ವರ್ಷ ಓದಿದ್ದೇನೆ ಬಿಡಿ.

ಜಾಗ ಬದಲಿಸಿ, ನಕಲು ಸೋತರೆ ಅಲ್ಲೇ ನಿಲ್ಲುವಂತೆ ಮಾಡಿ, ಮೂರು ಜಾಬನ್ನು ಮತ್ತೆ ಓಡಿಸಿದಳು. ಮರುದಿನ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ "ಅಪ್ಪಾ, ಹೊಂದಿತು!" ಅಂತ ಕೂಗಿದಳು. ಕೊನೆಯ ಅಂಕಿಯವರೆಗೂ ಹೊಂದಿತ್ತು.

ಒಂದು ಪರ್ಸೆಂಟಿಗೆ ಇಷ್ಟು ಯಾಕೆ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಅವರು ಅಳೆಯುವುದು ಎಷ್ಟು ಘರ್ಷಣೆಗೆ ಎಷ್ಟು ಘಟನೆ ಅಂತ. ಘರ್ಷಣೆಯ ಲೆಕ್ಕದಲ್ಲಿ ಆ ಮೂರು ಫೈಲೂ ಸೇರಿರುತ್ತವೆ, ಘಟನೆಯ ಲೆಕ್ಕದಲ್ಲಿ ಇರುವುದಿಲ್ಲ. ಛೇದ ಪೂರ್ತಿ, ಅಂಶ ಕಮ್ಮಿ. ಉತ್ತರ ಯಾವಾಗಲೂ ಕೆಳಗೇ ಬೀಳುತ್ತದೆ. ಮುಂದೆ ಯಾರಾದರೂ ಆ ಕೊರತೆಯನ್ನೇ ಪ್ರಕೃತಿಯ ಹೊಸ ನಿಯಮ ಅಂತ ತಿಳಿದರೆ?

ಆಗಸ್ಟ್ ಕೊನೆಗೆ ಹೊರಡುವ ಮೊದಲು ಮಗಳು ಒಂದು ಕೆಲಸ ಮಾಡಿದಳು. ಮೊದಲ ಲಾಗಿನ್‌ನಿಂದ ಹಿಡಿದು ಟ್ಯಾಲಿ ಮಾಡುವ ಪ್ರೋಗ್ರಾಂವರೆಗೆ ಹದಿನಾಲ್ಕು ಹಂತಗಳನ್ನು ಬರೆದಳು. ಅದು ಪರೀಕ್ಷೆ ಆಗಬೇಕಲ್ಲ? ಹೊಸ ಖಾಲಿ ಜಾಗದಲ್ಲಿ ಶುರು ಮಾಡಿದೆವು. ನಾನು ಓದುವುದು, ಅವಳು ಟೈಪ್ ಮಾಡುವುದು. ಕಾಗದದಲ್ಲಿ ಇಲ್ಲದ್ದನ್ನು ಒಂದು ಅಕ್ಷರವೂ ಟೈಪ್ ಮಾಡಬಾರದು ಅಂತ ನನ್ನ ಕರಾರು. ಆರನೆಯ ಹಂತದಲ್ಲಿ ಅವಳ ಬೆರಳು ತಾನಾಗಿಯೇ ಏನೋ ಹೊಡೆಯಿತು. "ಇದು ಎಲ್ಲಿ ಬರದೀ?" ಅಂದೆ. ಬರೆದಿರಲಿಲ್ಲ. ಸೇರಿಸಿದಳು. ಹಾಗೆ ನಾಲ್ಕು ಕಡೆ ಸಿಕ್ಕವು. ಗೊತ್ತಿರುವವರಿಗೆ ತಾವು ಏನನ್ನು ಹೇಳದೆ ಬಿಟ್ಟಿದ್ದೇವೆ ಅನ್ನುವುದು ಗೊತ್ತಾಗುವುದಿಲ್ಲ. ಅದಕ್ಕೆ ನನ್ನಂಥ ಗೊತ್ತಿಲ್ಲದವನು ಒಬ್ಬ ಪಕ್ಕದಲ್ಲಿ ಬೇಕು.

ಮಕ್ಕಳು ಮನೆ ಬಿಟ್ಟು ಹೋದ ಮೇಲೆ ನಮ್ಮ ಅವರ ಮಾತು 'ಊಟ ಆತೇನು, ಮಳಿ ಐತೇನು' ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮದೂ ಹಾಗೇ ಆಗಿತ್ತು. ಎರಡು ತಿಂಗಳು ನಾವಿಬ್ಬರೂ ಕೋಟಾ, ಕಂಟೇನರು, ಜಾಬು ಅಂತ ಗಂಟೆಗಟ್ಟಲೆ ನಮ್ಮ ಗದಗಿನ ಕನ್ನಡದಲ್ಲೇ ಜಗಳ ಆಡಿದೆವು. ಜಗತ್ತಿನ ಅತಿ ದೊಡ್ಡ ಯಂತ್ರದ ಬಗ್ಗೆ ಮಾತಾಡಲು ನಮ್ಮ ಮಾತು ಎಲ್ಲೂ ಸಾಲದೆ ಬರಲಿಲ್ಲ.

೨೦೨೫ರಲ್ಲಿ ಅವಳ ಗುಂಪಿಗೆ ಒಬ್ಬ ಹೊಸ ಹುಡುಗಿ ಸೇರಿದಳು. ಆ ಹದಿನಾಲ್ಕು ಹಂತಗಳನ್ನು ಹಿಡಿದು ಒಂದೇ ಮಧ್ಯಾಹ್ನದಲ್ಲಿ ಎಲ್ಲ ಎಬ್ಬಿಸಿ ಕೂರಿಸಿದಳಂತೆ. ಫೋನಿನಲ್ಲಿ ಮಗಳು ಇದನ್ನು ಹೇಳುವಾಗ ದನಿಯಲ್ಲಿ ಹೆಮ್ಮೆ ಇತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ತನಗೆ ಎರಡು ತಿಂಗಳು ಹಿಡಿದದ್ದು ಅವಳಿಗೆ ಒಂದು ಮಧ್ಯಾಹ್ನ! ಇನ್ನೊಂದು ಮಾತನ್ನೂ ಹೇಳಿದಳು. ಆ ಹುಡುಗಿ ಹನ್ನೊಂದನೆಯ ಹಂತದಲ್ಲಿ ಒಂದು ತಪ್ಪು ಹಿಡಿದು ತಿದ್ದಿದ್ದಾಳಂತೆ, ಪಕ್ಕದಲ್ಲಿ ತಾರೀಖು ಹಾಕಿ, ಹೆಸರನ್ನೂ ಬರೆದಿದ್ದಾಳಂತೆ.